ಹೆಜ್ಜೆ ಎಣಿಸುವ ಸಾಧನ: ನೂರು ಹೆಜ್ಜೆ ನಡೆದು ನೋಡಿ ಆರಿಸಿ

ಸಾಧನವನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ. ಬ್ರಾಂಡ್, ಬಣ್ಣ ಎಲ್ಲ ಆಮೇಲೆ.

ಮಣಿಕಟ್ಟಿನ ಬ್ಯಾಂಡ್ ಹೆಜ್ಜೆಯನ್ನು ಅಳೆಯುವುದು ಕೈಯ ಅಲುಗಾಟದಿಂದ. ತಳ್ಳುಗಾಡಿಯನ್ನೋ ವಾಕರನ್ನೋ ಹಿಡಿದು ನಡೆದರೆ ಕೈ ಬೀಸುವುದಿಲ್ಲ, ಎಷ್ಟೋ ಹೆಜ್ಜೆ ಲೆಕ್ಕ ತಪ್ಪುತ್ತವೆ. ಪಾತ್ರೆ ಉಜ್ಜುವಾಗ ನಿಂತಲ್ಲೇ ಹೆಜ್ಜೆ ಏರುವುದೂ ಉಂಟು. ಇಂಥ ಕೆಲಸ ಹೆಚ್ಚಿರುವವರಿಗೆ ಸೊಂಟಕ್ಕೆ ಸಿಕ್ಕಿಸುವುದೇ ವಾಸಿ. ಫೋನ್ ಸದಾ ಜೇಬಿನಲ್ಲಿರುವವರಿಗೆ ಅದೇ ಸಾಕು. ಮೇಜಿನ ಮೇಲಿಟ್ಟು ಓಡಾಡಿದ್ದು ಮಾತ್ರ ಅದಕ್ಕೆ ಗೊತ್ತಾಗದು.

ಸೊಂಟದವುಗಳಲ್ಲಿ ಎರಡು ಬಗೆ. ಹಳೆಯದರಲ್ಲಿ ಸ್ಪ್ರಿಂಗಿಗೆ ತೂಗುವ ಸಣ್ಣ ಕಡ್ಡಿ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಆಡುತ್ತದೆ. ಅಲ್ಲಾಡಿಸಿದರೆ ಟಿಕ್ ಟಿಕ್ ಎನ್ನುತ್ತದೆ. ಇದು ನೆಟ್ಟಗೆ ನಿಲ್ಲಲೇಬೇಕು. ಹೊಟ್ಟೆ ಮುಂದೆ ಬಂದವರಲ್ಲಿ ವಾಲಿಕೊಂಡು ಎಣಿಕೆ ತಗ್ಗುತ್ತದೆ; ಸೊಂಟದ ಪಕ್ಕಕ್ಕೆ ಸರಿಸಿದರೆ ಸುಧಾರಿಸಬಹುದು. ಮೂರು ದಿಕ್ಕಿನ ಚಲನೆ ಗುರುತಿಸುವ ಆಕ್ಸೆಲೆರೋಮೀಟರ್ ಇರುವುದಕ್ಕೆ ಈ ತೊಂದರೆ ಇಲ್ಲ, ಓರೆಯಾಗಿದ್ದರೂ ಎಣಿಸುತ್ತದೆ. ಆಯ್ಕೆ ಇದ್ದರೆ ಇದನ್ನೇ ಕೊಳ್ಳಿ.

ಇನ್ನು ಪರೀಕ್ಷೆ. ಅಂಕಿ ನೋಡಿಕೊಂಡು, ನಿಮ್ಮ ಎಂದಿನ ನಡಿಗೆಯಲ್ಲಿ ಮನಸ್ಸಿನಲ್ಲೇ ಎಣಿಸುತ್ತ 100 ಹೆಜ್ಜೆ ಹಾಕಿ. 95ರಿಂದ 105ರೊಳಗೆ ಏರಿದ್ದರೆ ದಿನಬಳಕೆಗೆ ಚೆನ್ನಾಗಿದೆ. ಅಂಕಿ ತಕ್ಷಣ ಏರದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ: ಸುಮ್ಮನೆ ಅಲುಗಿದ್ದನ್ನು ಹೆಜ್ಜೆ ಎನ್ನದಿರಲು ಅನೇಕ ಸಾಧನಗಳು ಮೊದಲ ಕೆಲವು ಸೆಕೆಂಡು ಕಾದು, ನಡಿಗೆ ಮುಂದುವರಿದರೆ ಆ ಹೆಜ್ಜೆಗಳನ್ನೂ ಒಟ್ಟಿಗೆ ಸೇರಿಸುತ್ತವೆ. ಅಡುಗೆಮನೆಯೊಳಗಿನ ನಾಲ್ಕೈದು ಹೆಜ್ಜೆಯ ಓಡಾಟ ಹಲವು ಸಲ ಬಿಟ್ಟುಹೋಗುವುದೂ ಇದರಿಂದಲೇ. ವಯಸ್ಸಾದವರಿಗೆ ಕೊಳ್ಳುವುದಾದರೆ ಅವರೇ ನಡೆದು ನೋಡಬೇಕು. ನಿಧಾನದ, ಕಾಲೆಳೆದ ನಡಿಗೆಯಲ್ಲಿ ಮೈ ಕುಲುಕುವುದು ಕಡಿಮೆ, ಹಾಗಾಗಿ ಎಣಿಕೆಯೂ ಕಡಿಮೆ.

ದೂರ ಬೇಕಿದ್ದರೆ 20 ಹೆಜ್ಜೆ ನಡೆದು, ಟೇಪಿನಿಂದ ಅಳೆದು, 20ರಿಂದ ಭಾಗಿಸಿ. 13 ಮೀಟರ್ ಬಂದರೆ ಒಂದು ಹೆಜ್ಜೆ 65 ಸೆಂ.ಮೀ. ಅದನ್ನೇ ಸಾಧನಕ್ಕೆ ಕೊಡಿ. ಕ್ಯಾಲೊರಿ ಅಂಕಿ ಬರೀ ಅಂದಾಜು, ಅದಕ್ಕಾಗಿ ಹೆಚ್ಚು ಹಣ ಕೊಡಬೇಡಿ. ದಿನಕ್ಕೆ 10,000 ಎಂಬ ಗುರಿ ಹಬ್ಬಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊಕೆ’ ಎಂಬ ಸಾಧನದ ಹೆಸರಿನಿಂದ; ‘ಹತ್ತು ಸಾವಿರ ಹೆಜ್ಜೆ ಮಾಪಕ’ ಎಂದೇ ಅದರ ಅರ್ಥ. ನೀವು ಒಂದು ವಾರ ಎಂದಿನಂತೆ ನಡೆದು, ಬಂದ ಸರಾಸರಿಗೆ 500–1,000 ಸೇರಿಸಿ ಗುರಿ ಇಟ್ಟುಕೊಳ್ಳಿ. ಇದಕ್ಕೆ ನಡುರಾತ್ರಿ ತಾನೇ ಸೊನ್ನೆಯಾಗಿ, ಏಳು ದಿನದ ಲೆಕ್ಕ ಉಳಿಸಿಕೊಳ್ಳುವ ಸಾಧನ ಅನುಕೂಲ.

ಸೊಂಟದ್ದಕ್ಕೆ ಕ್ಲಿಪ್ ಜೊತೆ ದಾರವೂ ಇರಲಿ. ಕೂತು ಏಳುವಾಗ ಕ್ಲಿಪ್ ಜಾರಿ ಕಳೆದುಹೋಗುವುದೇ ಹೆಚ್ಚು.