ಬ್ಲಾಕ್ ಆದ ಒಂದು ಟ್ಯೂಬ್ ನಮ್ಮ ಐದು ಜನರನ್ನು ಸೇರಿಸಿದ್ದು ಹೇಗೆ: ನನ್ನ ಅನುಭವ

ರಾತ್ರಿ 3 ಗಂಟೆಗೆ ರೈಲ್ಸ್ ಟ್ಯೂಬ್ (ನುಂಗಲಾಗದವರಿಗೆ ಮೂಗಿನಿಂದ ಹೊಟ್ಟೆಗೆ ಹಾಕುವ ಕೊಳವೆ) ಬ್ಲಾಕ್ ಆದರೆ ಏನು ಪಾಡು ಅಂತ ವಾರ್ಡ್‌ನಲ್ಲಿ ಕೆಲಸ ಮಾಡಿದವರಿಗೆ ನಾನು ಹೇಳಬೇಕಾಗಿಲ್ಲ. ಫೀಡ್, ಅಂದರೆ ಟ್ಯೂಬಿನಲ್ಲಿ ಕೊಡುವ ದ್ರವ ಆಹಾರ, ನಿಲ್ಲುತ್ತದೆ, ಮಾತ್ರೆ ನಿಲ್ಲುತ್ತದೆ, ಹೊಸ ಟ್ಯೂಬ್ ಹಾಕಬೇಕು, ಸರಿಯಾದ ಜಾಗಕ್ಕೆ ಹೋಗಿದೆಯಾ ಅಂತ ಮತ್ತೆ ಎಕ್ಸ್‌ರೇ. ನಮ್ಮ ಸಂಶೋಧನಾ ತಂಡ ಹುಟ್ಟಿದ್ದು ಇಂಥದ್ದೊಂದು ರಾತ್ರಿಯಿಂದ. ನಾನು ನರ್ಸ್. ಜೊತೆಗೆ ಒಬ್ಬ ಫಾರ್ಮಸಿಸ್ಟ್, ಒಬ್ಬ ಡಯಟೀಷಿಯನ್, ಒಬ್ಬ ನ್ಯೂರಾಲಜಿ ಡಾಕ್ಟರು, ಒಬ್ಬ ಸ್ಟ್ಯಾಟಿಸ್ಟಿಷಿಯನ್. "ನರ್ಸ್‌ಗಳು ಫಾರ್ಮ್ ತುಂಬಿಕೊಡಲಿ, ಮಿಕ್ಕಿದ್ದು ನಾವು ನೋಡ್ಕೋತೀವಿ" ಅಂದವರು ಇದ್ದರು. ಕಳೆದ ತಿಂಗಳು ನಮ್ಮ ಮೊದಲ ಪೇಪರ್ ಬಂತು. ಮೊದಲ ಹೆಸರು ನನ್ನದೇ. ಸ್ವಲ್ಪ ಹೇಳಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ಇದಕ್ಕೂ ಮುಂಚೆ ಎರಡು ಸಲ ಚೆನ್ನಾಗಿ ಮುಗ್ಗರಿಸಿದ್ದೆ.

ಮೊದಲನೆಯದು ಮೀಟಿಂಗ್ ಹುಚ್ಚು. ಎಲ್ಲ ವಿಭಾಗಗಳಿಗೂ ಪತ್ರ ಕಳಿಸಿ, "ನಾವೆಲ್ಲ ಸೇರಿ ಸಂಶೋಧನೆ ಮಾಡೋಣ" ಅಂತ ಕರೆದೆ. ವಿಷಯ ಏನು? ನರ್ಸ್ ಮತ್ತು ಡಾಕ್ಟರ ನಡುವಿನ ಸಂವಹನ. ಅದರ ಅರ್ಥ ಏನು ಅಂತ ನನಗೇ ಗೊತ್ತಿರಲಿಲ್ಲ. ಮೊದಲ ಸಭೆಗೆ 14 ಜನ ಬಂದರು. ಎರಡನೆಯದಕ್ಕೆ 6. ಮೂರನೆಯದಕ್ಕೆ ನಾನು ಮತ್ತು ಒಬ್ಬ ಫಿಸಿಯೋಥೆರಪಿಸ್ಟ್. ಅವರು ಕೂಡ ಹಿಂದಿನ ಸಭೆಯಲ್ಲಿ ಬಿಟ್ಟು ಹೋದ ಡೈರಿ ತೆಗೆದುಕೊಳ್ಳೋಕೆ ಬಂದಿದ್ದರು.

ಎರಡನೆಯದು ನೋವಿನ ಕತೆ. ರೋಗಿಗಳು ಬೀಳುವುದರ ಬಗ್ಗೆ ಒಂದು ಅಧ್ಯಯನ, ನಡೆಸುತ್ತಿದ್ದವರು ಬೇರೆಯವರು. ಹೆಚ್ಚುಕಡಿಮೆ 8 ತಿಂಗಳು ನಾವು ನರ್ಸ್‌ಗಳು ಫಾರ್ಮ್ ತುಂಬಿದೆವು. 600ರ ಹತ್ತಿರ ಇರಬಹುದು. ಡ್ಯೂಟಿ ಮುಗಿದ ಮೇಲೆ ಕೂತು ತುಂಬಿದ್ದೇ ಜಾಸ್ತಿ. ಪೇಪರ್ ಬಂದಾಗ ಕೊನೆಯಲ್ಲಿ ಒಂದು ಸಾಲು: ನರ್ಸಿಂಗ್ ಸಿಬ್ಬಂದಿಗೆ ಧನ್ಯವಾದಗಳು. ಒಂದು ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಕೋಪ ಇಳಿದ ಮೇಲೆ ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಿಯಮ ತೆಗೆದು ಓದಿದೆ. ಲೇಖಕರಾಗಲು ನಾಲ್ಕು ಷರತ್ತು ಅಂತ ಎಲ್ಲರಿಗೂ ಗೊತ್ತು. ಡೇಟಾ ಸಂಗ್ರಹದಲ್ಲಿ ಗಣನೀಯ ಪಾಲಿದ್ದರೆ ಮೊದಲನೆಯದು ದಾಟಿದ ಹಾಗೆ. ಆದರೆ ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಡಬೇಕು, ಕೆಲಸಕ್ಕೆ ಜವಾಬ್ದಾರಿ ಹೊರಬೇಕು. ನಾವು ಇದ್ಯಾವುದನ್ನೂ ಮಾಡಿರಲಿಲ್ಲ. ಹಾಗಾದರೆ ಅವರು ಮಾಡಿದ್ದು ಸರಿಯಾ? ಅಲ್ಲ. ಮೊದಲ ಷರತ್ತು ದಾಟಿದವರಿಗೆ ಉಳಿದದ್ದನ್ನು ಮಾಡುವ ಅವಕಾಶ ಕೊಡಬೇಕು ಅಂತ ಅದೇ ನಿಯಮದಲ್ಲಿದೆ. ಆ ಸಾಲನ್ನು ಅವರು ಓದಿರಲಿಲ್ಲವೋ ಏನೋ. ನಾನಂತೂ ಓದಿರಲಿಲ್ಲ, ಹಾಗಾಗಿ ಕೇಳಲೂ ಇಲ್ಲ. ಆ ಸಾಲಿನ ಪ್ರಿಂಟ್ ಈಗ ನನ್ನ ಫೈಲಿನ ಮೊದಲ ಪುಟ.

ಮೂರನೇ ಸಲ ನಾನು ಯಾರನ್ನೂ ಕರೆಯಲಿಲ್ಲ. ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಒಂದು ಖಾಲಿ ಹಾಳೆ ಅಂಟಿಸಿದೆ. ಟ್ಯೂಬ್ ಬ್ಲಾಕ್ ಆದರೆ ಗಂಟೆ, ಬೆಡ್ ನಂಬರ್, ಅದಕ್ಕೆ ಸ್ವಲ್ಪ ಮುಂಚೆ ಏನು ಕೊಟ್ಟಿರಿ, ಇಷ್ಟು ಬರೆದರೆ ಸಾಕು. ಆರು ವಾರದಲ್ಲಿ 31 ಗೆರೆ ಬಿದ್ದವು. ಅರ್ಧಕ್ಕಿಂತ ಜಾಸ್ತಿ ಮಾತ್ರೆ ಕೊಟ್ಟು ಎರಡು ಗಂಟೆಯೊಳಗೆ ಆದದ್ದು.

ಆ ಹಾಳೆ ಮತ್ತು ನಾವು ಮಾತ್ರೆ ಪುಡಿ ಮಾಡುವ ಕುಟ್ಟಾಣಿ, ಎರಡನ್ನೂ ಹಿಡಿದು ಫಾರ್ಮಸಿಗೆ ಹೋದೆ. ಫಾರ್ಮಸಿಸ್ಟ್ ಪಟ್ಟಿ ನೋಡಿ, "ಇದನ್ನೆಲ್ಲ ಪುಡಿ ಮಾಡ್ತೀರಾ?" ಅಂದರು. ನಿಧಾನವಾಗಿ ಬಿಡುಗಡೆಯಾಗಬೇಕಾದ ಮಾತ್ರೆ, ಹೊಟ್ಟೆಯಲ್ಲಿ ಕರಗಬಾರದು ಅಂತ ಕೋಟಿಂಗ್ ಹಾಕಿದ ಮಾತ್ರೆ, ಎಲ್ಲ ಒಂದೇ ಬಟ್ಟಲಲ್ಲಿ. "ನೀವು ಕಳಿಸೋದೇ ಮಾತ್ರೆ, ರೋಗಿಗೆ ನುಂಗೋಕೆ ಆಗಲ್ಲ, ಇನ್ನೇನು ಮಾಡಲಿ?" ಅಂದೆ. ಹದಿನೈದು ನಿಮಿಷ ಜಗಳ ಆಯಿತು. ನಮ್ಮ ಪಾಲುದಾರಿಕೆ ಶುರುವಾದದ್ದು ಆ ಜಗಳದಿಂದಲೇ.

ಸಿರಪ್‌ಗೆ ಬದಲಾಯಿಸೋಣ ಅಂತ ಅವರು ಹೇಳಿದರು. ಬದಲಾಯಿಸಿದ ಮೊದಲ ವಾರವೇ ಡಯಟೀಷಿಯನ್ ಸಿಟ್ಟಾಗಿ ಬಂದರು. ರೋಗಿಗಳಿಗೆ ಭೇದಿ, ಎಲ್ಲರೂ ಅವರ ಫೀಡನ್ನೇ ಬೈಯುತ್ತಿದ್ದಾರೆ. ಕೆಲವು ಸಿರಪ್‌ಗಳಲ್ಲಿ ಸಾರ್ಬಿಟಾಲ್ ಅನ್ನುವ ಸಿಹಿ ಪದಾರ್ಥ ಇರುತ್ತದೆ, ಜಾಸ್ತಿ ಹೋದರೆ ಭೇದಿ ಆಗುತ್ತದೆ. ಫೀಡಿನ ತಪ್ಪೇ ಅಲ್ಲ. ಇದನ್ನು ಫಾರ್ಮಸಿಸ್ಟ್ ಹೇಳಿದಾಗ ಡಯಟೀಷಿಯನ್ ಮುಖ ನೋಡಬೇಕಿತ್ತು. ಎಷ್ಟೋ ವರ್ಷದ ಅಪವಾದ ಇಳಿದ ಹಾಗೆ. ಅಲ್ಲೇ ಕೂತು ತಂಡಕ್ಕೆ ಸೇರಿದರು. ತಮ್ಮ ಲೆಕ್ಕವನ್ನೂ ತಂದರು. ಬರೆದುಕೊಟ್ಟ ಕ್ಯಾಲೊರಿಯಲ್ಲಿ ರೋಗಿಗೆ ತಲುಪುತ್ತಿದ್ದದ್ದು ನೂರಕ್ಕೆ 65 ಇರಬಹುದು.

ಡಾಕ್ಟರನ್ನು ತಂದದ್ದು ಫೆನಿಟಾಯಿನ್ ಅನ್ನುವ ಫಿಟ್ಸ್ ಔಷಧಿ. ಫೀಡ್ ಜೊತೆ ಕೊಟ್ಟರೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ರಕ್ತದಲ್ಲಿ ಮಟ್ಟ ಇಳಿಯುತ್ತದೆ, ಫಿಟ್ಸ್ ಬರಬಹುದು. ನಮ್ಮ ಡಾಕ್ಟರು ಡೋಸ್ ಏರಿಸುತ್ತಲೇ ಇದ್ದರು. ನಾವು ಫೀಡ್ ಯಾವಾಗ ನಿಲ್ಲಿಸುತ್ತೇವೆ ಅಂತ ಅವರು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ನಮ್ಮ ಹಾಳೆಯಿಂದ ಅವರಿಗೆ ಬೇಕಾದದ್ದನ್ನು ಮಾತ್ರ ಅರ್ಧ ಪುಟದಲ್ಲಿ ಬರೆದುಕೊಟ್ಟೆ. ಆ ಅರ್ಧ ಪುಟದ ಮೊದಲ ಸಾಲು ಏನಾಗಿತ್ತು ಅನ್ನುವುದು ನನ್ನ ಹತ್ತಿರವೇ ಇರಲಿ. ಕೈ ಕೆಳಗಿನ ಹುಡುಗಿಯರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ. ಅದೇ ದಿನ ಸಂಜೆ ಅವರೇ ವಾರ್ಡಿಗೆ ಬಂದರು.

ಸಭೆ ಕರೆದು ವಿಷಯ ಹುಡುಕಿದಾಗ ಯಾರೂ ಉಳಿಯಲಿಲ್ಲ. ಒಂದೇ ತೊಂದರೆಯಲ್ಲಿ ಪ್ರತಿಯೊಬ್ಬರಿಗೂ ಅವರವರ ತಲೆನೋವು ಕಂಡಾಗ ಯಾರನ್ನೂ ಹಿಡಿದು ನಿಲ್ಲಿಸಬೇಕಾಗಲಿಲ್ಲ. ಫಾರ್ಮಸಿಸ್ಟ್‌ಗೆ ಮಾತ್ರೆಯ ರೂಪ, ಡಯಟೀಷಿಯನ್‌ಗೆ ಕ್ಯಾಲೊರಿ, ಡಾಕ್ಟರಿಗೆ ಫೆನಿಟಾಯಿನ್ ಮಟ್ಟ, ನನಗೆ ರಾತ್ರಿ 3 ಗಂಟೆ. ಹಾಗಂತ ಎಲ್ಲ ಸುಖವಾಗಿರಲಿಲ್ಲ. ಫೆನಿಟಾಯಿನ್‌ಗೆ ಹಿಂದೆ ಮುಂದೆ ಒಂದೆರಡು ಗಂಟೆ ಫೀಡ್ ನಿಲ್ಲಿಸಿ ಅಂತ ಫಾರ್ಮಸಿಸ್ಟ್. ನಿಲ್ಲಿಸಿದರೆ ಕ್ಯಾಲೊರಿ ಎಲ್ಲಿಂದ ಬರಬೇಕು ಅಂತ ಡಯಟೀಷಿಯನ್. ಮೂರು ವಾರ ಎಳೆದಾಡಿ, ಉಳಿದ ಗಂಟೆಗಳಲ್ಲಿ ಫೀಡಿನ ವೇಗ ಏರಿಸುವುದು ಅಂತ ಒಪ್ಪಿದರು. ಗಂಟೆಗಂಟೆಗೂ ವೇಗ ಬದಲಾಯಿಸುವ ಕೆಲಸ ಯಾರ ತಲೆಗೆ ಬಂತು ಅಂತ ಬೇರೆ ಹೇಳಬೇಕಾ?

ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಹೋದಾಗ ನನ್ನ 31 ಕೈಯಲ್ಲಿ ಹಿಡಿದು ಹೆಮ್ಮೆಯಿಂದ ಹೋಗಿದ್ದೆ. "ಎಷ್ಟು ರೋಗಿಗಳು?" ಅಂದರು. ಎಣಿಸಿದರೆ 14. ಒಬ್ಬರಿಗೇ ನಾಲ್ಕು ಸಲ ಬ್ಲಾಕ್ ಆಗಿತ್ತು. 31 ಬೇರೆ ಬೇರೆ ಘಟನೆ ಅಂತ ಲೆಕ್ಕ ಹಾಕಿದರೆ ಸುಳ್ಳಾಗುತ್ತದೆ ಅಂದರು. ಪ್ರತಿ ರೋಗಿಗೂ ಟ್ಯೂಬ್ ಇದ್ದ ದಿನಗಳನ್ನು ಕೂಡಿಸಿ ಲೆಕ್ಕ ಹಾಕಿಸಿದರು. ಸುಮಾರು 500 ಟ್ಯೂಬ್-ದಿನ, ಅಂದರೆ 100 ಟ್ಯೂಬ್-ದಿನಕ್ಕೆ 6 ಬ್ಲಾಕ್. ಆ ಮೇಲೆ ಕೇಳಿದರು: "ಬ್ಲಾಕ್ ಅಂದರೆ ಏನು?" ಇದೆಂಥ ಪ್ರಶ್ನೆ ಅನ್ನಿಸಿತು. ಇಬ್ಬರು ನರ್ಸ್‌ಗಳಿಗೆ ಒಂದೇ ಟ್ಯೂಬ್ ತೋರಿಸಿ ಬೇರೆಬೇರೆಯಾಗಿ ಬರೆಸಿದರೆ ಕಪ್ಪಾ (ಇಬ್ಬರ ಉತ್ತರ ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1 ಅಂದರೆ ಪೂರ್ತಿ ಹೊಂದಿಕೆ) 0.5ರ ಆಸುಪಾಸು ಬಂತು. ಒಬ್ಬರಿಗೆ ನಿಧಾನವಾಗಿ ಹೋಗುವುದೂ ಬ್ಲಾಕ್, ಇನ್ನೊಬ್ಬರಿಗೆ ಪೂರ್ತಿ ನಿಂತರೆ ಮಾತ್ರ. 20 ಎಂಎಲ್ ಬೆಚ್ಚಗಿನ ನೀರಿನಿಂದ ಮೂರು ಸಲ ಪ್ರಯತ್ನಿಸಿದರೂ ಹೋಗದಿದ್ದರೆ ಬ್ಲಾಕ್ ಅಂತ ಗಟ್ಟಿ ಮಾಡಿಕೊಂಡ ಮೇಲೆ 0.8 ದಾಟಿತು. ಪಾಪ ಹಳೆಯ 31, ಅದನ್ನು ಪೇಪರಿನಲ್ಲಿ ಹಾಕಲೇ ಇಲ್ಲ. ಮೊದಲಿನಿಂದ ಎಣಿಸಿದೆವು.

ಒಂದು ಸಭೆಯಲ್ಲಿ ಯಾರೋ ಹಿರಿಯರು "ನರ್ಸ್‌ಗೂ ಸ್ಟ್ಯಾಟಿಸ್ಟಿಕ್ಸ್‌ಗೂ ಏನು ಸಂಬಂಧ" ಅಂತ ನಕ್ಕರು. ಫ್ಲಾರೆನ್ಸ್ ನೈಟಿಂಗೇಲ್ ಸ್ಟ್ಯಾಟಿಸ್ಟಿಷಿಯನ್ ವಿಲಿಯಂ ಫಾರ್ ಅವರ ಜೊತೆ ಕೂತು ಕ್ರಿಮಿಯನ್ ಯುದ್ಧದ ಸಾವುಗಳ ಲೆಕ್ಕ ಹಾಕಿದ್ದು, 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಗೆ ಮೊದಲ ಮಹಿಳಾ ಸದಸ್ಯೆಯಾದದ್ದು ಅವರಿಗೆ ಮರೆತಿತ್ತು ಅಂತ ಕಾಣುತ್ತದೆ. ಮುಂದಿನ ಸಭೆಯ ಮೊದಲ ಸ್ಲೈಡ್ ಅದೇ ಮಾಡಿದೆ. ಚಿಲ್ಲರೆ ಬುದ್ಧಿ ಅನ್ನಿ, ಆದರೆ ತುಂಬಾ ಖುಷಿಯಾಯಿತು.

ಈಗ ಹಣ. ಸಣ್ಣದೊಂದು ಅನುದಾನಕ್ಕೆ ಅರ್ಜಿ ಹಾಕಿದಾಗ ಬಜೆಟ್‌ನ ನೂರಕ್ಕೆ 40 ಭಾಗವನ್ನು ನರ್ಸ್‌ಗಳ ಬದಲಿ ಡ್ಯೂಟಿಗೆ ಇಟ್ಟೆ. ಅರ್ಜಿ ವಾಪಸ್ ಬಂತು. "ಅವರಿಗೆ ಈಗಾಗಲೇ ಸಂಬಳ ಇದೆಯಲ್ಲ?" ಇದೆ. ಆದರೆ ನರ್ಸ್ ಡೇಟಾ ಬರೆಯುತ್ತಾ ಕೂತರೆ ಬೆಳಗ್ಗೆ 8 ಗಂಟೆಯ ಔಷಧಿ ಯಾರು ಕೊಡುತ್ತಾರೆ? ಇದೇ ವಾಕ್ಯವನ್ನು ಸುಮ್ನೆ ಹಾಗೇ ಬರೆದು ಮತ್ತೆ ಕಳಿಸಿದೆ. ಒಪ್ಪಿದರು. ಸ್ಟ್ಯಾಟಿಸ್ಟಿಷಿಯನ್‌ಗೆ 15 ಭಾಗ ಹೋಯಿತು, ಉಪಕರಣಕ್ಕೆ ಹತ್ತಿರ ಹತ್ತಿರ ಸೊನ್ನೆ. ನಾನು ಎಡವಿದ್ದು ಪ್ರಕಟಣೆಯ ಶುಲ್ಕದಲ್ಲಿ. ಅದಕ್ಕೆ ಏನೂ ಇಟ್ಟಿರಲಿಲ್ಲ. ಮೊದಲು ಆರಿಸಿಕೊಂಡ ಜರ್ನಲ್ ಕೇಳಿದ್ದು ನಮ್ಮ ಇಡೀ ಅನುದಾನದ ಮೂರನೇ ಒಂದು ಭಾಗ. ಶುಲ್ಕವಿಲ್ಲದ ಜರ್ನಲ್‌ಗೆ ಎಲ್ಲವನ್ನೂ ಮತ್ತೆ ಹೊಂದಿಸಿ ಬರೆಯೋಕೆ ಎರಡು ತಿಂಗಳು ಹೋಯಿತು.

ಆಡಳಿತದವರ ಮನಸ್ಸು ತಿರುಗಿದ್ದು ಬೇರೆ ಲೆಕ್ಕದಿಂದ. ಒಂದು ಬ್ಲಾಕ್‌ನ ಖರ್ಚಿನಲ್ಲಿ ಟ್ಯೂಬಿನ ಬೆಲೆ ಅತಿ ಚಿಕ್ಕದು. ಎಕ್ಸ್‌ರೇ ಮತ್ತು ನರ್ಸಿನ ಸುಮಾರು 40 ನಿಮಿಷ, ಇವೇ ದೊಡ್ಡವು. ಆ 40 ನಿಮಿಷವನ್ನು ಇದುವರೆಗೆ ಯಾರೂ ಖರ್ಚು ಅಂತ ಬರೆದಿರಲಿಲ್ಲ.

ಎಥಿಕ್ಸ್ ಕಮಿಟಿ 11 ವಾರ ತೆಗೆದುಕೊಂಡಿತು. ಇದು ಗುಣಮಟ್ಟ ಸುಧಾರಣೆಯೋ ಸಂಶೋಧನೆಯೋ ಅನ್ನುವುದರಲ್ಲೇ ಐದು ವಾರ. ಪ್ರಕಟಿಸುವ ಯೋಚನೆ ಇದ್ದರೆ ಎರಡನೆಯದು ಅಂತಲೇ ಅರ್ಜಿ ಹಾಕಿ, ಕಾಲ ಉಳಿಯುತ್ತದೆ.

ಮಧ್ಯೆ ಒಂದು ತಮಾಷೆ. ಬ್ಲಾಕ್ ಬಿಡಿಸೋಕೆ ಕೋಲಾ ಹಾಕಿ ಅಂತ ಹಿರಿಯ ನರ್ಸ್‌ಗಳು ಹೇಳುತ್ತಾರಲ್ಲ, ಅದನ್ನು ನಾನು ಮತ್ತು ಫಾರ್ಮಸಿಸ್ಟ್ ಮೇಜಿನ ಮೇಲೆ ಪರೀಕ್ಷಿಸಿದೆವು. ರೋಗಿಗೆ ಹಾಕದ 20 ಹೊಸ ಟ್ಯೂಬ್, ಒಳಗೆ ಬೇಕಂತಲೇ ಫೀಡ್ ಮತ್ತು ಮಾತ್ರೆ ಪುಡಿ ಕಟ್ಟಿಸಿದ್ದು. ಬೆಚ್ಚಗಿನ ನೀರು ಹಾಕಿದ ಹತ್ತರಲ್ಲಿ ಅರ್ಧದಷ್ಟು ಬಿಟ್ಟವು. ಕೋಲಾ ಹಾಕಿದ ಹತ್ತರಲ್ಲಿ ಮೂರೋ ನಾಲ್ಕೋ, ಒಂದೆರಡು ಇನ್ನೂ ಗಟ್ಟಿಯಾದವು. ಕೋಲಾ ಹುಳಿ, ಫೀಡಿನ ಪ್ರೊಟೀನ್ ಒಡೆದು ಗಂಟಾಗುತ್ತದೆ. ಇದನ್ನು ವಿಜ್ಞಾನ ಅಂತ ಯಾರೂ ತೆಗೆದುಕೊಳ್ಳಬೇಡಿ. ಆದರೆ ಹಿರಿಯ ನರ್ಸ್‌ಗಳನ್ನು ಕರೆದು ತೋರಿಸಿದ ಮೇಲೆ ವಾರ್ಡಿನಲ್ಲಿ ಕೋಲಾ ನಿಂತಿತು. ಸಣ್ಣ ಸಿರಿಂಜಿನಲ್ಲಿ ಒತ್ತಡ ಜಾಸ್ತಿ, ಟ್ಯೂಬ್ ಒಡೆಯಬಹುದು ಅನ್ನುವುದನ್ನೂ ಅಲ್ಲೇ ತೋರಿಸಿಬಿಟ್ಟೆವು. ಫಾರ್ಮ್ ಬದಲು ಮೊಬೈಲ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡುವುದನ್ನೂ ನೋಡಿದೆವು. ಮಾನಿಟರುಗಳ ಬೀಪ್ ಬಿಟ್ಟರೆ ಏನೂ ಕೇಳಿಸಲಿಲ್ಲ.

ತಂಡ ನಿಲ್ಲೋಕೆ ಕಾರಣವಾದ ಇನ್ನೆರಡು ವಿಷಯ ಹೇಳಲೇಬೇಕು. ಸಭೆ ಕೊಠಡಿಯನ್ನು ಬಿಟ್ಟೇಬಿಟ್ಟೆವು. ಶುಕ್ರವಾರ ಮಧ್ಯಾಹ್ನ ಹ್ಯಾಂಡ್‌ಓವರ್ (ಒಂದು ಶಿಫ್ಟಿನವರು ಮುಂದಿನವರಿಗೆ ಕೆಲಸ ಒಪ್ಪಿಸುವುದು) ಮುಗಿದ ತಕ್ಷಣ, ವಾರ್ಡಿನಲ್ಲೇ, ನಿಂತುಕೊಂಡು 15 ನಿಮಿಷ. ಆಗ ಎರಡೂ ಶಿಫ್ಟಿನ ನರ್ಸ್‌ಗಳು ಇರುತ್ತಾರೆ. ನರ್ಸ್‌ಗಳ ಜಾಗಕ್ಕೆ ಯಾವಾಗಲೂ ಎರಡು ಹೆಸರು, ಏಕೆಂದರೆ ಒಬ್ಬಳು ನೈಟ್ ಡ್ಯೂಟಿಯಲ್ಲಿ ಇದ್ದೇ ಇರುತ್ತಾಳೆ. ಮತ್ತೆ, ಮೊದಲ ಡೇಟಾ ಬರೆಯುವ ಮುಂಚೆಯೇ ಯಾರು ಯಾವ ಕೆಲಸ, ಯಾರ ಹೆಸರು ಎಲ್ಲಿ ಅಂತ ಒಂದು ಪುಟ ಬರೆದು ಐವರೂ ಸಹಿ ಹಾಕಿದೆವು. ಡಾಕ್ಟರು ಮೊದಲು ಹಿಂಜರಿದರು, "ನಂಬಿಕೆ ಇಲ್ವಾ?" ಅಂದರು. ನನ್ನ ಫೈಲಿನ ಮೊದಲ ಪುಟ ತೋರಿಸಿದೆ. ಸಹಿ ಹಾಕಿದರು.

ಫಲಿತಾಂಶ? ನಾವು ತಂದ ಬದಲಾವಣೆ ಇಷ್ಟು: ಒಂದೊಂದು ಮಾತ್ರೆ ಬೇರೆಬೇರೆಯಾಗಿ, ಹಿಂದೆ ಮುಂದೆ 15ರಿಂದ 30 ಎಂಎಲ್ ನೀರಿನ ಫ್ಲಶ್, ಪುಡಿ ಮಾಡಬಾರದ ಮಾತ್ರೆಗಳ ಪಟ್ಟಿ ಪ್ರತಿ ಔಷಧಿ ಟ್ರಾಲಿಯ ಮೇಲೆ, ಸಾರ್ಬಿಟಾಲ್ ಜಾಸ್ತಿ ಇರುವ ಸಿರಪ್ ಬಂದರೆ ಫಾರ್ಮಸಿಯಿಂದಲೇ ಎಚ್ಚರಿಕೆ. ಹೊಸ ಎಣಿಕೆಯಲ್ಲಿ 100 ಟ್ಯೂಬ್-ದಿನಕ್ಕೆ 5ರ ಹತ್ತಿರ ಇದ್ದದ್ದು 2ಕ್ಕಿಂತ ಕೆಳಗೆ ಬಂತು. ಹೋಲಿಕೆಗೆ ಬೇರೆ ವಾರ್ಡ್ ಇರಲಿಲ್ಲ ಅಂತ ರಿವ್ಯೂ ಮಾಡಿದವರು ಕುಟುಕಿದರು. ಅವರು ಹೇಳಿದ್ದು ಸರಿ. ಹಾಗಾಗಿ ಎರಡನೇ ಅಧ್ಯಯನದಲ್ಲಿ ವಾರ್ಡ್‌ಗಳನ್ನು ಒಂದೊಂದಾಗಿ ಸೇರಿಸಲಿದ್ದೇವೆ. ಆ ಡೈರಿ ಬಿಟ್ಟು ಹೋಗಿದ್ದ ಫಿಸಿಯೋ ಈಗ ಆರನೆಯವರು. ವ್ಯಾಯಾಮಕ್ಕೆ ಅಂತ ಫೀಡ್ ನಿಲ್ಲಿಸುವುದರಲ್ಲಿ ಅವರದ್ದೂ ಪಾಲಿದೆ ಅಂತ ಡಯಟೀಷಿಯನ್ ಲೆಕ್ಕ ತೋರಿಸಿದ್ದಾರೆ.

ಎರಡನೇ ಪೇಪರಿಗೆ ಮೊದಲ ಹೆಸರು ತನ್ನದು ಅಂತ ಫಾರ್ಮಸಿಸ್ಟ್ ಹಟ ಹಿಡಿದಿದ್ದಾರೆ. ನಾನೂ ಬಿಟ್ಟಿಲ್ಲ. ಪುಟ ಇನ್ನೂ ಖಾಲಿ ಇದೆ, ಸಹಿ ಆಗುವವರೆಗೆ ಒಂದು ಟ್ಯೂಬನ್ನೂ ಎಣಿಸುವುದಿಲ್ಲ. ಬರುವ ಶುಕ್ರವಾರ ಹ್ಯಾಂಡ್‌ಓವರ್ ಆದ ಮೇಲೆ ನೋಡಬೇಕು.