18 ಜನ ಬೇಕಿತ್ತು, 16 ಇದ್ದರು

2020ರ ಫೆಬ್ರವರಿ 3, ಸೋಮವಾರ ಸಂಜೆ 7. ಅಮೆರಿಕದ ಅಯೋವಾ ರಾಜ್ಯದ ಡೆ ಮಾಯ್ನ್ ಪಕ್ಕದ ಒಂದು ಶಾಲೆಯ ಊಟದ ಹಾಲ್. ಅಧ್ಯಕ್ಷ ಸ್ಥಾನಕ್ಕೆ ತನ್ನ ಅಭ್ಯರ್ಥಿ ಯಾರು ಅಂತ ಡೆಮಾಕ್ರಟಿಕ್ ಪಕ್ಷ ಆರಿಸಿಕೊಳ್ಳುವ ಒಳಚುನಾವಣೆ ಆಗ ಶುರುವಾಗುತ್ತಿದ್ದದ್ದೇ ಇಲ್ಲಿಂದ. ಹೆಚ್ಚಿನ ರಾಜ್ಯಗಳಲ್ಲಿ ಪ್ರೈಮರಿ, ಅಂದರೆ ಗುಟ್ಟಾಗಿ ಮತ ಹಾಕೋದು. ಇಲ್ಲಿ ಕಾಕಸ್, ಅಂದರೆ ಒಂದೆಡೆ ಸೇರಿ ಆರಿಸುವ ಸಭೆ. ನಾನು ಒಬ್ಬ ಅಭ್ಯರ್ಥಿಯ ಕಡೆಯ ಪ್ರಿಸಿಂಕ್ಟ್ ಕ್ಯಾಪ್ಟನ್, ಅಂದರೆ ಒಂದು ಮತಗಟ್ಟೆಯ ಮಟ್ಟದ ಕಾರ್ಯಕರ್ತ. ಹೆಸರು ದೊಡ್ಡದು ಅಷ್ಟೆ. ನಮ್ಮವರನ್ನು ಒಂದು ಮೂಲೆಯಲ್ಲಿ ಸೇರಿಸೋದು, ಬೇರೆ ಮೂಲೆಯವರನ್ನು ಒಲಿಸೋದು, ಬಂದವರಿಗೆ ಬಿಸ್ಕತ್ತು ಹಂಚೋದು.

ಆಗಿನ ಕಾಕಸ್‌ನಲ್ಲಿ ಗುಟ್ಟಿನ ಮತ ಇರಲಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ನೋಡುವಂತೆ ಹೋಗಿ ನಿಮ್ಮ ಅಭ್ಯರ್ಥಿಯ ಮೂಲೆಯಲ್ಲಿ ನಿಲ್ಲಬೇಕಿತ್ತು. ನಮ್ಮಂಥ ಪ್ರಿಸಿಂಕ್ಟ್‌ನಲ್ಲಿ ಬಂದವರ ಪೈಕಿ ಶೇ. 15ರಷ್ಟು ಜನ ನಿಮ್ಮ ಗುಂಪಿನಲ್ಲಿ ಇರಲೇಬೇಕಿತ್ತು. ಇಲ್ಲದಿದ್ದರೆ ಗುಂಪಿಗೆ ಲೆಕ್ಕವಿರಲಿಲ್ಲ. ಆಗ ಬೇರೆ ಗುಂಪಿಗೆ ಹೋಗಬಹುದಿತ್ತು, ಅಥವಾ ಇನ್ನೊಂದು ಸೋತ ಗುಂಪಿನ ಜೊತೆ ಸೇರಿ ಶೇ. 15 ಮುಟ್ಟಬಹುದಿತ್ತು. ಅಂದರೆ ನಿನ್ನೆ ಯಾರ ಜೊತೆ ಕಿತ್ತಾಡಿದ್ದಿರೋ, ಇವತ್ತು ಅವರ ಹತ್ತಿರವೇ ಹೋಗಿ ಬನ್ನಿ ಅಂತ ಕರೆಯಬೇಕಿತ್ತು. ಈ ಒಂದು ವಿಷಯ ತಲೆಗೆ ಹೋಗಿದ್ದರೆ ನಮ್ಮ ಗುಂಪು ಬದುಕುತ್ತಿತ್ತು.

ಅಕ್ಟೋಬರಿನಲ್ಲಿ ಮನೆ ಮನೆಗೆ ಹೋಗೋಕೆ ಶುರು ಮಾಡಿದ್ದೆ. ಪ್ರಚಾರ ಕಚೇರಿಯ ಹುಡುಗ ಕೊಟ್ಟ ಪಟ್ಟಿ ನೋಡಿದರೆ ಪಟೇಲ್, ರೆಡ್ಡಿ, ರಾವ್, ಶರ್ಮ. 'ನಿಮ್ಮವರು' ಅಂದ ನಗುತ್ತಾ. ನಾನು ಹಾಸನದವನು. ಯಾವ ಓಣಿಯಲ್ಲಿ ಯಾರ ಮನೆ ಎಷ್ಟು ಅಂತ ಜಾತಿ ಲೆಕ್ಕ ಹಾಕಿ ಮತ ಕೇಳೋದನ್ನು ನೋಡಿಯೇ ಬೆಳೆದವನು. ಇಷ್ಟು ದೂರ ಬಂದು, ಪೌರತ್ವ ತೆಗೆದುಕೊಂಡು, ಮತ್ತೆ ಅದೇ ಪಟ್ಟಿಯಾ ಅನ್ನಿಸಿತು. ಆದರೂ ಹೋದೆ. ರಾವ್ ಅವರಿಗೆ ನನ್ನ ಬಣ್ಣವೂ ಬೇಕಿರಲಿಲ್ಲ, ಭಾಷೆಯೂ ಬೇಕಿರಲಿಲ್ಲ. ಮಗಳ ಕಾಲೇಜು ಸಾಲದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಪಕ್ಕದ ಮನೆಯ ಬಿಳಿಯ ಅಜ್ಜ ಮಾತಾಡಿದ್ದೂ ಮೊಮ್ಮಗನ ಸಾಲದ ಬಗ್ಗೆಯೇ. ಆತ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಹಿಮ ಎತ್ತಿ ಹಾಕುತ್ತಿದ್ದರು, ಸುಮ್ನೆ ನಿಂತು ಮಾತಾಡಿಸಿದೆ.

ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇರೆಯೇ ಗಲಾಟೆ. ಕಣದಲ್ಲಿದ್ದ ಕಮಲಾ ಹ್ಯಾರಿಸ್ ಅವರ ತಾಯಿ ಚೆನ್ನೈನಿಂದ ಬಂದವರು, ಹಾಗಾಗಿ ನಾವು ಅವರಿಗೇ ನಿಲ್ಲಬೇಕು ಅಂತ ಕೆಲವರು. ಅವರ ನಿಲುವೇನು ಅಂದರೆ ಉತ್ತರವಿಲ್ಲ. ಅವರು 2019ರ ಡಿಸೆಂಬರ್ 3ರಂದು ಕಣದಿಂದ ಹಿಂದೆ ಸರಿದರು. ಮರುದಿನ ಗುಂಪು ಪೂರ್ತಿ ತಣ್ಣಗೆ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಪ್ರತಿ ಹೆಸರಿನ ಮುಂದೆ ಎರಡು ಅಂಕಣ. ಮೊದಲ ಆಯ್ಕೆ ಯಾರು? ಅವರು 15 ಮುಟ್ಟದಿದ್ದರೆ ಆಮೇಲೆ ಯಾರು? ಎರಡನೇ ಪ್ರಶ್ನೆಗೇ ಜನ ಜಾಸ್ತಿ ಮಾತಾಡುತ್ತಿದ್ದರು. ಮೊದಲನೆಯದಕ್ಕೆ ಘೋಷಣೆ ಹೇಳುತ್ತಾರೆ, ಎರಡನೆಯದಕ್ಕೆ ಯೋಚನೆ ಮಾಡುತ್ತಾರೆ.

ಜನವರಿ 14ರಂದು ಡ್ರೇಕ್ ವಿಶ್ವವಿದ್ಯಾಲಯದಲ್ಲಿ ಅಭ್ಯರ್ಥಿಗಳ ಟಿವಿ ಚರ್ಚೆ ನಡೆಯಿತು. ಬರ್ನಿ ಸ್ಯಾಂಡರ್ಸ್, ಎಲಿಜಬೆತ್ ವಾರೆನ್ ಇಬ್ಬರೂ ಅಲ್ಲಿದ್ದರು. ಹೆಣ್ಣು ಗೆಲ್ಲೋದಿಲ್ಲ ಅಂತ ಸ್ಯಾಂಡರ್ಸ್ ಹಿಂದೊಮ್ಮೆ ತನಗೆ ಹೇಳಿದ್ದರು ಅಂತ ವಾರೆನ್, ಹೇಳಿಯೇ ಇಲ್ಲ ಅಂತ ಸ್ಯಾಂಡರ್ಸ್. ಟಿವಿ ಚರ್ಚೆ ಮುಗಿಯಿತು, ನಮ್ಮ ಜಗಳ ಮುಗಿಯಲಿಲ್ಲ. ಯಾವ ಗುಂಪಿನ ಸಭೆಗೆ ಹೋದರೂ ಅದೇ. ಗಂಡಸರಿಗೆ ನಿಂತವರೆಲ್ಲ ಹೆಣ್ಣಿನ ವಿರೋಧಿಗಳು, ಬಿಳಿಯರಿಗೆ ನಿಂತ ಕಂದು ಬಣ್ಣದವರು ದ್ರೋಹಿಗಳು. ವಿಮೆ, ಸಾಲ, ಕೂಲಿ, ಎಲ್ಲ ಮೂಲೆಗೆ ಬಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ಕಾಕಸ್‌ಗೆ ವಾರ ಇರುವಾಗ ಲೈಬ್ರರಿಯಲ್ಲಿ ಒಂದು ಸಭೆ ಮಾಡಿದೆವು. ನಿವೃತ್ತ ಶಿಕ್ಷಕಿಯೊಬ್ಬರು ಬಂದಿದ್ದರು. ಮೊದಲ ಆಯ್ಕೆ ಬೇರೆಯವರು, ಎರಡನೆಯದು ನಾವು. ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡಿದ್ದೆ. ನಮ್ಮ ಹುಡುಗನೊಬ್ಬ ಎದ್ದು, 'ನಿಮ್ಮಂಥ ಬಿಳಿ ಹೆಂಗಸರಿಂದಲೇ 2016ರಲ್ಲಿ ಟ್ರಂಪ್ ಗೆದ್ದಿದ್ದು' ಅಂದುಬಿಟ್ಟ. ಆಕೆ ಏನೂ ಹೇಳದೆ ಕೋಟು ಹಾಕಿಕೊಂಡು ಹೊರಟರು. ನಾನು ಹುಡುಗನನ್ನು ತಡೆಯಲಿಲ್ಲ. ಅವನಿಗೆ ಬೇಜಾರಾದೀತು ಅಂತ ಸುಮ್ಮನಿದ್ದೆ. ತಪ್ಪು ನಂದೇ.

ಸೋಮವಾರ ಬಂದವರು 118 ಜನ. ಶೇ. 15 ಅಂದರೆ 18 ತಲೆ. ನಮ್ಮಲ್ಲಿ 16. ಆ ಶಿಕ್ಷಕಿಯ ಗುಂಪಿನಲ್ಲಿ 11, ಅವರೂ ಸೋತವರೇ. ಸೇರಿದರೆ 27! ನಾನು ಬಿಸ್ಕತ್ತಿನ ಡಬ್ಬಿ ಹಿಡಿದು ಓಡಿದೆ. ಯಾರ ಹೆಸರಿನಲ್ಲಿ ಸೇರೋದು ಅನ್ನುವಲ್ಲಿಗೆ ಮಾತು ನಿಂತಿತು. ನಮ್ಮವರು ಬಗ್ಗಲಿಲ್ಲ, ಅವರೂ ಬಗ್ಗಲಿಲ್ಲ. ಶಿಕ್ಷಕಿ ನನ್ನ ಮುಖ ನೋಡಿ, 'ಆ ಹುಡುಗ ಇಲ್ಲೇ ಇದ್ದಾನಾ?' ಅಂತ ಕೇಳಿದರು. ಇದ್ದ. ಅವರು ಬೇರೆ ಮೂಲೆಗೆ ಹೋದರು. ಹಿಂದೆಯೇ ಇನ್ನೂ ನಾಲ್ವರು.

ನಮ್ಮ 16 ಜನ ದಿಕ್ಕಿಗೊಬ್ಬರಾದರು. ಇಬ್ಬರು ಮನೆಗೇ ಹೋದರು. ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಶಿಕ್ಷಕಿ ಕೂತಿದ್ದ ಮೂಲೆಗೆ ಹೋದೆ. ಅವರು ಪಕ್ಕದ ಕುರ್ಚಿಯ ಮೇಲಿದ್ದ ಕೋಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಕೂತೆ. ಕ್ಷಮಿಸಿ ಅಂದೆ. 'ಇದನ್ನ ಹೋದ ವಾರ ಹೇಳಬೇಕಿತ್ತು' ಅಂದರು.

ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟು ಆ ರಾತ್ರಿ ರಾಜ್ಯದ ಲೆಕ್ಕವೇ ಹೊರಬರಲಿಲ್ಲ. ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಹಾಸನದಲ್ಲಿ ಬೆಳಗಿನ ಕಾಫಿ ಹೊತ್ತು.

'ಯಾರು ಗೆದ್ದರೋ?'

'ಗೊತ್ತಿಲ್ಲಪ್ಪ. ಇನ್ನೂ ಎಣಿಸ್ತಾ ಇದ್ದಾರೆ.'

ಅಪ್ಪ ನಂಬಲಿಲ್ಲ. ಸೋತಿದ್ದಕ್ಕೆ ನಾಚಿಕೆಪಟ್ಟುಕೊಂಡು ಸುಳ್ಳು ಹೇಳ್ತಿದ್ದೀಯ ಅಂದರು.