ಫಿಯಾಟ್ ಡಿಲೈಟಿನ ಮೊದಲ ಬಣ್ಣವನ್ನು ಹುಡುಕಿದ ಬಗೆ

ಹಳೆಯ ಕಾರಿಗೆ ಅದರ ಕಾಲದ ಬಣ್ಣವನ್ನೇ ಹಚ್ಚಬೇಕೆಂದು ಹೊರಟವರು ಮೊದಲು ಚಿತ್ರಗಳನ್ನು ಹುಡುಕುತ್ತಾರೆ. ಶಿರಸಿಯ ಸಮೀಪದ ನಮ್ಮ ಮನೆಯಲ್ಲಿ ನಿಂತಿದ್ದ 1968ರ ಫಿಯಾಟ್ 1100 ಡಿಲೈಟ್ ಕಾರನ್ನು ಸರಿಪಡಿಸಲು ಕೈಹಚ್ಚಿದಾಗ ನಾನು ಚಿತ್ರಗಳನ್ನು ಬದಿಗಿಟ್ಟು ಕಾರನ್ನೇ ಬಿಚ್ಚಿ ನೋಡಿದೆ. ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ 1964ರಿಂದ ತಯಾರಿಸಿದ ಈ ಮಾದರಿಯೇ 1970ರ ದಶಕದ ಆರಂಭದಲ್ಲಿ ಪ್ರೆಸಿಡೆಂಟ್ ಎಂದೂ 1974ರಲ್ಲಿ ಪದ್ಮಿನಿ ಎಂದೂ ಹೆಸರು ಬದಲಿಸಿಕೊಂಡು, ಹೆಚ್ಚು ಕಡಿಮೆ ಅದೇ ಮೈಕಟ್ಟಿನಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಮುಂದುವರಿಯಿತು. ಹೀಗಾಗಿ ಇಂದು ಸಿಗುವ ಬಹುಪಾಲು ಚಿತ್ರಗಳು ಪದ್ಮಿನಿಯವು. ಎಂಬತ್ತರ ದಶಕದ ಪದ್ಮಿನಿಗೆ ಒಪ್ಪಿದ ಬಣ್ಣ 1968ರ ಡಿಲೈಟಿಗೂ ಒಪ್ಪುತ್ತದೆ ಎಂದು ಭಾವಿಸಲು ಆಧಾರವಿಲ್ಲ. ಮನೆಯ ಆಲ್ಬಮ್ಮಿನ ಫೋಟೋಗಳೂ ಅಷ್ಟೆ. ಎಪ್ಪತ್ತರ ದಶಕದ ಬಣ್ಣದ ಫೋಟೋಗಳಲ್ಲಿ ನೀಲಿ-ಹಸಿರು ವರ್ಣದ್ರವ್ಯ ಉಳಿದವುಗಳಿಗಿಂತ ಬೇಗ ಮಾಸಿ, ಎಲ್ಲವೂ ಕೆಂಪುಛಾಯೆಗೆ ತಿರುಗಿರುತ್ತವೆ. ಕಪ್ಪು-ಬಿಳುಪು ಫೋಟೋದಿಂದ ನನಗಾದ ಲಾಭ ಒಂದೇ: ಟಾಪಿನ ಮತ್ತು ಬಾಗಿಲಿನ ಛಾಯೆ ಒಂದೇ ತೆರನಾಗಿದ್ದುದರಿಂದ ಕಾರು ಎರಡು ಬಣ್ಣದ್ದಾಗಿರುವ ಸಾಧ್ಯತೆ ಕಡಿಮೆ ಎಂಬುದು ತಿಳಿಯಿತು.

ಆರ್‌ಸಿ ಪುಸ್ತಕದ ಬಣ್ಣದ ಅಂಕಣದಲ್ಲಿ ಹಸಿರು ಎಂದಷ್ಟೇ ಬರೆದಿತ್ತು. ದೊಡ್ಡಪ್ಪ ಅದನ್ನು ನೀಲಿ ಕಾರು ಎನ್ನುತ್ತಿದ್ದರು. ಅತ್ತೆ ಹಸಿರೇ ಎಂದು ಹಟ ಹಿಡಿದಿದ್ದರು. ಇಬ್ಬರೂ ಅದರಲ್ಲಿ ಕುಳಿತು ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಬಂದವರೇ ಆದ್ದರಿಂದ ಯಾರನ್ನೂ ಅಲ್ಲಗಳೆಯುವಂತಿರಲಿಲ್ಲ. ಬಣ್ಣ ಆ ಎರಡರ ನಡುವೆ ಎಲ್ಲೋ ಇರಬೇಕೆಂದು ನಾನು ಆಗಲೇ ಊಹಿಸಿದ್ದೆ.

ಹೊರಗೆ ಕಾಣುತ್ತಿದ್ದುದು ಬಿಳಿ. ಮೂಲ ಬಣ್ಣವನ್ನು ಹುಡುಕಬೇಕಾದುದು ಬಿಸಿಲೂ ಪಾಲಿಷೂ ಎರಡನೆಯ ಪೇಂಟರನ ಗನ್ನೂ ತಲುಪದ ಕಡೆಗಳಲ್ಲಿ: ಮುಂದಿನ ಗಾಜಿನ ರಬ್ಬರಿನ ಅಡಿಯಲ್ಲಿ, ಬಾಗಿಲಿನ ಪ್ಯಾಡಿನ ಹಿಂದೆ, ಹಿಂದಿನ ಸೀಟಿನ ಬೆನ್ನ ಹಿಂದಿನ ತಗಡಿನಲ್ಲಿ, ಗ್ಲೋವ್ ಬಾಕ್ಸಿನ ಮುಚ್ಚಳದ ಒಳಮೈಯಲ್ಲಿ, ಡಿಕ್ಕಿಯ ಕೀಲುಗಳ ಬುಡದಲ್ಲಿ. ಒಂದು ಕಡೆಯ ಸಾಕ್ಷ್ಯವನ್ನು ನಂಬಬಾರದು, ಏಕೆಂದರೆ ಒಳಮೂಲೆಗಳಿಗೆ ಕಾರ್ಖಾನೆಯಲ್ಲೇ ಬಣ್ಣ ತೆಳುವಾಗಿ ಬಿದ್ದು ಅಡಿಯ ಪ್ರೈಮರ್ ಅದರ ಛಾಯೆಯನ್ನು ಬದಲಿಸಿರಬಹುದು. ನಮ್ಮ ಕಾರಿನಲ್ಲಿ ಗ್ಲೋವ್ ಬಾಕ್ಸಿನ ಮುಚ್ಚಳವೂ ಸೀಟಿನ ಹಿಂದಿನ ತಗಡೂ ಒಂದೇ ಮಾತು ಹೇಳಿದವು: ಬೂದಿ ಬೆರೆತ ತಿಳಿ ಹಸಿರು, ನೆರಳಿನಲ್ಲಿ ನೀಲಿಯತ್ತ ವಾಲುವಂಥದು.

ಹೊರಮೈಯಲ್ಲೂ ಇದನ್ನು ತಾಳೆ ನೋಡಲು ಹಿಂದಿನ ಮಡ್‌ಗಾರ್ಡಿನ ಮೇಲೆ ನೀರು ಹಾಕಿ, ಮೊದಲು 400ರ, ಆಮೇಲೆ 800 ಮತ್ತು 1000ದ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳುಕಾಗದ, ಸಂಖ್ಯೆ ಹೆಚ್ಚಿದಷ್ಟೂ ನಯ) ರೂಪಾಯಿ ಅಗಲದ ಜಾಗವನ್ನು ಇಳಿಜಾರಾಗಿ ಉಜ್ಜಿದೆ. ಪದರಗಳು ಒಂದರೊಳಗೊಂದು ಬಳೆಗಳಂತೆ ತೆರೆದುಕೊಂಡವು. ಮೇಲೆ ಬಿಳಿ, ಅದರಡಿ ಆಕಾಶನೀಲಿ, ಅದರಡಿ ಕೆಂಗಂದು, ಆಮೇಲೆ ನಮ್ಮ ಬೂದಿ ಹಸಿರು, ಕೊನೆಗೆ ಬೂದು ಪ್ರೈಮರ್ ಮತ್ತು ತಗಡು. ಶಿರಸಿಯ ಪೇಂಟಿಂಗ್ ಮೇಸ್ತ್ರಿ ಅದನ್ನು ನೋಡಿ, "ಹೆಗಡೇರೆ, ನಡುವೆ ಒಮ್ಮೆ ಇದು ಮರೂನ್ ಗಾಡಿಯಾಗಿತ್ತು" ಎಂದರು. ಆ ಕೆಂಗಂದಿನ ಮೇಲೆ ರಬ್ಬಿಂಗ್ ಕಾಂಪೌಂಡ್ ತಿಕ್ಕಿದಾಗ ಹೊಳಪು ಬರಲೇ ಇಲ್ಲ. ಅದು ಯಾವಾಗಲೋ ಟಿಂಕರಿಂಗ್ ಆದ ಮೇಲೆ ಬಳಿದ ರೆಡ್ ಆಕ್ಸೈಡ್ ಪ್ರೈಮರ್ ಆಗಿತ್ತು. ಪ್ರೈಮರನ್ನು ಬಣ್ಣದಿಂದ ಬೇರ್ಪಡಿಸಲು ಇಷ್ಟು ಸಾಕು. ಪದರದ ಜಾತಿಯನ್ನು ತಿಳಿಯಲು ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ನೈಟ್ರೋಸೆಲ್ಯುಲೋಸ್ ಬಣ್ಣವಾದರೆ ಕರಗಿ ಹತ್ತಿಗೆ ಅಂಟುತ್ತದೆ, ಸಿಂಥೆಟಿಕ್ ಎನಾಮೆಲ್ ಮೆದುವಾಗಿ ಸುಕ್ಕುಗಟ್ಟುತ್ತದೆ, ಹಾರ್ಡ್‌ನರ್ ಎಂಬ ಗಟ್ಟಿಗೊಳಿಸುವ ದ್ರವ ಬೆರೆಸಿ ಹೊಡೆದ ಪಿಯು (ಪಾಲಿಯುರೆಥೇನ್) ಬಣ್ಣ ಜಗ್ಗುವುದೇ ಇಲ್ಲ. ಹಳೆಯ ಬಣ್ಣಗಳಲ್ಲಿ, ವಿಶೇಷವಾಗಿ ಹಳದಿ ಮತ್ತು ಕೆನೆ ಛಾಯೆಗಳಲ್ಲಿ, ಸೀಸದ ವರ್ಣದ್ರವ್ಯಗಳು ಇರುವುದರಿಂದ ಈ ಉಜ್ಜುವ ಕೆಲಸವನ್ನು ಒಣಗಿದ ಮೈಮೇಲೆ ಮಾಡಕೂಡದು; ನೀರು ಮತ್ತು ಮಾಸ್ಕ್ ಎರಡೂ ಬೇಕು.

ಮುಚ್ಚಿಟ್ಟ ಜಾಗದ ಬಣ್ಣ ಕೆಡದೆ ಉಳಿದಿರುತ್ತದೆ ಎಂಬುದು ಅರ್ಧ ಸತ್ಯ. ಎಣ್ಣೆಯ ಅಂಶವುಳ್ಳ ಎನಾಮೆಲ್ ಕತ್ತಲೆಯಲ್ಲಿ ಹಳದಿಗೆ ತಿರುಗುತ್ತದೆ. ಬೆಳಕಿಗೆ ಇಟ್ಟರೆ ಆ ಹಳದಿಯ ಬಹುಭಾಗ ಹೊರಟು ಹೋಗುತ್ತದೆ. ನೈಟ್ರೋಸೆಲ್ಯುಲೋಸ್ ಇದಕ್ಕೆ ವ್ಯತಿರಿಕ್ತವಾಗಿ ಬೆಳಕು ಮತ್ತು ಶಾಖಕ್ಕೆ ಹಳದಿಯಾಗುತ್ತದೆ. ಆದ್ದರಿಂದ ಪದರದ ಜಾತಿ ತಿಳಿಯದೆ ಛಾಯೆಯನ್ನು ನಿರ್ಧರಿಸಿದರೆ ಮೂಲಕ್ಕಿಂತ ಹಳದಿಯಾದ ಹಸಿರನ್ನೇ ಮೂಲವೆಂದು ನಂಬಿಬಿಡುವ ಅಪಾಯವಿದೆ. ಗ್ಲೋವ್ ಬಾಕ್ಸಿನ ಮುಚ್ಚಳವನ್ನು ಬಿಚ್ಚಿ ಕೆಲವು ವಾರ ಕಿಟಕಿಯ ಬೆಳಕಿನಲ್ಲಿಟ್ಟೆ. ಅದರ ಹಸಿರು ತುಸು ತಣ್ಣಗಾಯಿತು, ದೊಡ್ಡಪ್ಪನ ನೀಲಿಯ ಕಡೆಗೆ ಇನ್ನಷ್ಟು ಸರಿಯಿತು. ಹೋಲಿಸುವ ಮೊದಲು ಆ ಜಾಗವನ್ನು ಕಾಂಪೌಂಡಿನಿಂದ ತಿಕ್ಕಿ ಪುಡಿಗಟ್ಟಿದ ಮೇಲ್ಪದರವನ್ನು ತೆಗೆಯುವುದು ಅಗತ್ಯ. ಪುಡಿಗಟ್ಟಿದ ಮೈ ಯಾವ ಬಣ್ಣವನ್ನಾದರೂ ತೆಳುವಾಗಿ ತೋರಿಸುತ್ತದೆ.

ಹುಬ್ಬಳ್ಳಿಯ ಬಣ್ಣದ ಅಂಗಡಿಯಲ್ಲಿ ಯಂತ್ರದಿಂದ ಅದನ್ನು ಅಳೆಯಿಸಿ ಒಂದು ಸೂತ್ರ ಪಡೆದೆ. ಯಂತ್ರ ಹತ್ತಿರಕ್ಕೆ ಒಯ್ಯುತ್ತದೆ, ಉಳಿದ ದಾರಿ ಕಣ್ಣಿನದು. ಇಂದಿನ ವರ್ಣದ್ರವ್ಯಗಳು ಅಂದಿನವುಗಳಿಗಿಂತ ಬೇರೆಯಾದ್ದರಿಂದ ಎರಡು ಮಿಶ್ರಣಗಳು ಬಿಸಿಲಿನಲ್ಲಿ ಒಂದೇ ಆಗಿ ಕಂಡು, ಟ್ಯೂಬ್‌ಲೈಟಿನ ಕೆಳಗೆ ಬೇರೆಯಾಗಬಹುದು. ಹಾಗಾಗಿ ಬೆಳಗಿನ ನೆರಳಿನಲ್ಲಿ, ನಡುಹಗಲಿನಲ್ಲಿ, ರಾತ್ರಿ ದೀಪದಡಿ, ಹೀಗೆ ಮೂರು ಬೆಳಕುಗಳಲ್ಲೂ ಹೋಲಿಸಿದೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ಮನೆಯ ಅಂಗಳದ ಮೂರು ಸುತ್ತಲೂ ಅಡಿಕೆ ತೋಟವಿದ್ದರೆ ಅಲ್ಲಿ ಬೀಳುವ ಬೆಳಕೇ ಹಸಿರು. ಅಲ್ಲಿ ನಿಂತು ಹಸಿರಿನ ಬಗೆಗೆ ತೀರ್ಪು ಕೊಡುವುದು ಸಾಧ್ಯವಿಲ್ಲ. ಮಾದರಿಗಳನ್ನು ಬಯಲಿಗೆ ಒಯ್ದು, ಹಿಂದೆ ಬೂದು ರಟ್ಟನ್ನು ಇಟ್ಟು ನೋಡಿದೆ. ಮಾದರಿ ಹೊಡೆಯಲು ಚಪ್ಪಟೆ ಕಾರ್ಡಿನ ಬದಲು ಹಳೆಯ ಮಡ್‌ಗಾರ್ಡಿನ ಬಾಗಿದ ತುಂಡುಗಳನ್ನು ಬಳಸಿದೆ, ಏಕೆಂದರೆ ಕಾರಿನ ಮೇಲೆ ಬಣ್ಣ ಕಾಣಿಸುವುದು ಬಾಗುಗಳಲ್ಲೇ. ಅಡಿಗೆ ಕಾರ್ಖಾನೆಯದರಂತೆಯೇ ಬೂದು ಪ್ರೈಮರ್. ತಿಳಿ ಬಣ್ಣ ಸಾಕಷ್ಟು ಮುಚ್ಚಿಕೊಳ್ಳದಿದ್ದರೆ ಕೆಂಪು ಪ್ರೈಮರ್ ಅದನ್ನು ಬೆಚ್ಚಗಾಗಿಸಿಬಿಡುತ್ತದೆ. ಬಣ್ಣ ಪೂರ್ತಿ ಒಣಗುವವರೆಗೆ ಏನನ್ನೂ ನಿರ್ಧರಿಸಲಿಲ್ಲ. ದೂರದ ಅಂಗಡಿಯವರಿಗೆ ಫೋನಿನಲ್ಲಿ ಛಾಯೆಯನ್ನು ವಿವರಿಸಲು ಭಾರತೀಯ ಮಾನಕ ಐಎಸ್ 5ರ ಶೇಡ್ ಕಾರ್ಡ್ ಉಪಯೋಗಕ್ಕೆ ಬಂತು. ಅದರಲ್ಲಿ ಪ್ರತಿ ಬಣ್ಣಕ್ಕೂ ಸಂಖ್ಯೆಯಿರುವುದರಿಂದ ಇದಕ್ಕಿಂತ ತುಸು ಬೂದು, ಅದಕ್ಕಿಂತ ತುಸು ತಿಳಿ ಎಂದು ಹೇಳಲು ಇಬ್ಬರಿಗೂ ಒಂದು ನೆಲೆ ಸಿಗುತ್ತದೆ.

ಛಾಯೆ ಗೊತ್ತಾದ ಮೇಲೆ ಯಾವ ಬಗೆಯ ಬಣ್ಣ ಎಂಬ ಪ್ರಶ್ನೆ. ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ಡ್ಯೂಕೋ ಹೆಸರಿನಲ್ಲಿ ತಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದರ ಮೃದುವಾದ ಹೊಳಪು ಹಳೆಯ ಕಾರಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ಅದು ದ್ರಾವಕ ಆವಿಯಾಗಿ ಒಣಗುವಂಥದು. ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಸೇರಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಕರಾವಳಿಯಲ್ಲೂ ಶಿರಸಿಯ ಮಳೆಗಾಲದಲ್ಲೂ ಇದು ಪೇಂಟರುಗಳ ನಿತ್ಯದ ಗೋಳು. ರಿಟಾರ್ಡರ್ ಬೆರೆಸಿ ಒಣಗುವಿಕೆಯನ್ನು ನಿಧಾನಗೊಳಿಸಿದರೆ ಒಂದು ಮಟ್ಟಿಗೆ ತಪ್ಪಿಸಬಹುದು. ಜೊತೆಗೆ ಇದರ ಬಾಳಿಕೆ ಪಿಯುವಿನಷ್ಟಿಲ್ಲ, ಮತ್ತು ನಮ್ಮ ಕಾರು ಆಗಾಗ ಕಾರವಾರದ ಬಂಧುಗಳ ಮನೆಯ ಮುಂದೆ, ಕಡಲಿಗೆ ಎದುರಾಗಿ ನಿಲ್ಲಬೇಕಾಗುತ್ತದೆ. ಈ ಲೆಕ್ಕದಲ್ಲಿ ಹೊರಮೈಗೆ ಪಿಯುವನ್ನೂ, ಕೈ ತಾಗುವ ಮತ್ತು ಹತ್ತಿರದಿಂದ ನೋಡುವ ಡ್ಯಾಶ್‌ಬೋರ್ಡಿನ ತಗಡಿಗೂ ಬಾಗಿಲಿನ ಮೇಲಂಚಿಗೂ ನೈಟ್ರೋಸೆಲ್ಯುಲೋಸನ್ನೂ ಆರಿಸಿದೆ. ಎರಡನ್ನೂ ಒಂದೇ ಮಾದರಿ ತುಂಡಿಗೆ ಹೊಂದಿಸಿ ಬೆರೆಸಿದೆವು. ಶುದ್ಧತೆಯ ಪಕ್ಷದವರು ಇದನ್ನು ಒಪ್ಪಲಾರರು. ಕಾರು ಗಾಜಿನ ಕೋಣೆಯಲ್ಲಿ ನಿಲ್ಲುವುದಾದರೆ ನಾನೂ ಬೇರೆ ತೀರ್ಮಾನ ಮಾಡುತ್ತಿದ್ದೆ.

ಆದರೆ ಕ್ಲಿಯರ್ ಕೋಟ್ ಮಾತ್ರ ಬೇಡವೆಂದು ಮೇಸ್ತ್ರಿಯವರಿಗೆ ಖಡಾಖಂಡಿತವಾಗಿ ಹೇಳಿದೆ. ಬಣ್ಣದ ಮೇಲೆ ಪಾರದರ್ಶಕ ಪದರ ಹೊಡೆಯುವ ಪದ್ಧತಿ ಕಾರುಗಳಲ್ಲಿ ವ್ಯಾಪಕವಾದದ್ದು ಎಂಬತ್ತರ ದಶಕದಿಂದ ಈಚೆಗೆ. ಅರವತ್ತರ ದಶಕದ ಮೆಟಾಲಿಕ್ ಅಲ್ಲದ ಬಣ್ಣದ ಮೇಲೆ ಆ ಒದ್ದೆ ಹೊಳಪು ಬಂದೊಡನೆ, ಛಾಯೆ ಎಷ್ಟೇ ಸರಿಯಿದ್ದರೂ ಕಾರಿನ ವಯಸ್ಸು ಸುಳ್ಳಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಛಾಯೆಯಲ್ಲಿನ ಸಣ್ಣ ವ್ಯತ್ಯಾಸಕ್ಕಿಂತ ಹೊಳಪಿನ ವ್ಯತ್ಯಾಸವೇ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಕಾರ್ಖಾನೆಯ ಬಣ್ಣದಲ್ಲಿ ಕಿತ್ತಳೆ ಸಿಪ್ಪೆಯಂಥ ಸೂಕ್ಷ್ಮ ಉಬ್ಬುತಗ್ಗು ಇರುತ್ತಿತ್ತು. ಅದನ್ನೆಲ್ಲ ಉಜ್ಜಿ ಕನ್ನಡಿ ಮಾಡುವ ಉತ್ಸಾಹವನ್ನೂ ತಡೆಯಬೇಕಾಯಿತು. ಹಾರ್ಡ್‌ನರಿನಲ್ಲಿ ಉಸಿರಾಟಕ್ಕೆ ಕೆಡುಕಾದ ಐಸೊಸೈನೇಟ್ ಎಂಬ ರಾಸಾಯನಿಕ ಇರುವುದರಿಂದ ಗನ್ ಹಿಡಿದವರಿಗೆ ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಒದಗಿಸುವ ಮಾಸ್ಕ್ ಬೇಕು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ರೂಢಿ ಸಲ್ಲದು.

ಬಣ್ಣ ಹೊಡೆದದ್ದು ಡಿಸೆಂಬರ್ ಕಳೆದ ಮೇಲೆ, ಬೆಳಗಿನ ಇಬ್ಬನಿ ಪೂರ್ತಿ ಆರಿದ ನಂತರದ ಹೊತ್ತಿನಲ್ಲಿ. ಅದಕ್ಕೆ ಮೊದಲು ಬರಿ ತಗಡನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಲಾಯಿತು. ಕಡಲಗಾಳಿಯ ಉಪ್ಪು ಪ್ರೈಮರಿನ ಅಡಿ ಉಳಿದರೆ ಅದು ತೇವವನ್ನು ಒಳಗೆಳೆದುಕೊಂಡು ಮುಂದಿನ ಮಳೆಗಾಲದಲ್ಲೇ ಗುಳ್ಳೆಗಳೆಬ್ಬಿಸುತ್ತದೆ.

ಒಳಗಿನ ಬಣ್ಣಗಳ ಕೆಲಸ ಇದಕ್ಕಿಂತ ಸೂಕ್ಷ್ಮ. ಸೋದರಳಿಯನಿಗೆ ಕಾರು ಕಡುಗೆಂಪಾಗಿ, ಸೀಟುಗಳು ಚರ್ಮದ ಕಂದು ಬಣ್ಣದಲ್ಲಿರಬೇಕೆಂಬ ಆಸೆಯಿತ್ತು. "ಮಾವ, ಮದುವೆಗೆ ಬಾಡಿಗೆಗೂ ಹೋಗ್ತು" ಎಂದು ಅವನ ವಾದ. ಚೆಂದವೇನೋ ಹೌದು, ಆದರೆ ಅದು ಬೇರೆ ಕಾರು. ಹೊರಬಣ್ಣವನ್ನು ಆರಿಸಿ ಆಮೇಲೆ ಸೀಟಿನ ಬಣ್ಣವನ್ನು ಬೇರೆಯಾಗಿ ಯೋಚಿಸುವುದು ಸರಿಯಲ್ಲ. ಎರಡೂ ಒಂದೇ ಜೋಡಿಯಾಗಿ ಕಾರ್ಖಾನೆಯಿಂದ ಬಂದಿರುತ್ತವೆ, ಹಾಗೆಯೇ ಹುಡುಕಬೇಕು. ಮೇಲಿನ ಹೊದಿಕೆಗಳನ್ನು ಒಂದೊಂದಾಗಿ ಕಳಚಿದಾಗ ಸೀಟಿನ ಚೌಕಟ್ಟಿಗೆ ತಂತಿಯ ಬಳೆಗಳಿಂದ ಬಿಗಿದ ಮಡಿಕೆಯೊಳಗೆ ಮೂಲ ರೆಕ್ಸಿನ್ನಿನ ಪಟ್ಟಿ ಸಿಕ್ಕಿತು: ಕೂರುವ ಭಾಗಕ್ಕೆ ಪಟ್ಟಿಪಟ್ಟಿಯಾದ ಬೂದುಹಸಿರು, ಅಂಚಿಗೆ ಕೆನೆಬಿಳಿ, ನಡುವೆ ಕೆನೆಯದೇ ಪೈಪಿಂಗ್. ಬಾಗಿಲಿನ ಪ್ಯಾಡಿನ ಕೆಳಗಂಚು, ತಗಡಿನ ಹಿಂದೆ ಅಡಗಿದ್ದ ಭಾಗ, ಅದನ್ನೇ ದೃಢಪಡಿಸಿತು. ಕಾಣುವ ಭಾಗದ ರೆಕ್ಸಿನ್ ಅದರ ಮೆದುಕಾರಕ ಆರಿಹೋಗಿ ಗಡುಸಾಗಿ ಕಪ್ಪಿಟ್ಟಿದ್ದರಿಂದ ಅದರಿಂದ ಛಾಯೆಯನ್ನು ಹೇಳುವುದು ಆಗದ ಮಾತಾಗಿತ್ತು.

ರೆಕ್ಸಿನ್ನಿನಲ್ಲಿ ಬಣ್ಣದಷ್ಟೇ ಮುಖ್ಯವಾದುದು ಅದರ ಮೇಲಿನ ಅಚ್ಚು. ಇಂದು ಅಂಗಡಿಯಲ್ಲಿ ಸಿಗುವುದರಲ್ಲಿ ದೊಡ್ಡ ಗೆರೆಗಳ ಚರ್ಮದಚ್ಚು ಹೆಚ್ಚು, ಆಟೋರಿಕ್ಷಾದ ರೆಕ್ಸಿನ್ ತೀರ ಮಿರುಗುತ್ತದೆ. ಹುಬ್ಬಳ್ಳಿಯಲ್ಲಿ ಸಣ್ಣ ಅಚ್ಚಿನ, ಮಂಕು ಹೊಳಪಿನ ಕೆನೆ ದೊರಕಿತು. ಬೂದುಹಸಿರು ದೊರಕಲಿಲ್ಲ, ಅಚ್ಚು ಸರಿಯಿದ್ದ ತಿಳಿ ಬೂದು ರೆಕ್ಸಿನ್ನಿಗೆ ವಿನೈಲಿನ ಸ್ಪ್ರೇ ಬಣ್ಣ ಹೊಡೆದು ಛಾಯೆ ತಂದೆವು. ಅಚ್ಚು ತಪ್ಪಿ ಬಣ್ಣ ಸರಿಯಿರುವುದಕ್ಕಿಂತ ಅಚ್ಚು ಸರಿಯಿದ್ದು ಬಣ್ಣ ಹೊಂದಿಸಿಕೊಳ್ಳುವುದು ಲೇಸು. ಕುಮಟೆಯ ಕುಶನ್ ಕೆಲಸದವರು ಹಳೆಯ ಪಟ್ಟಿಗಳ ಅಗಲವನ್ನು ಅಳೆದು ಅದೇ ಅಂತರದಲ್ಲಿ ಹೊಲಿದರು. ದಾರವೂ ರೆಕ್ಸಿನ್ನಿನ ಬಣ್ಣದ್ದೇ, ಈಗಿನ ಷೋಕಿಯ ಎದ್ದು ಕಾಣುವ ಹೊಲಿಗೆಯಲ್ಲ. ಒಳಗೆ ಫೋಮ್ ತುಂಬಿದರೆ ಸೀಟು ಉಬ್ಬಿ ಸೋಫಾದಂತಾಗುತ್ತದೆಂದು ರಬ್ಬರ್ ಬೆರೆತ ತೆಂಗಿನ ನಾರಿನ ಹಾಸನ್ನೇ ಹಾಕಿಸಿದೆ. ಬಾಗಿಲಿನ ಪ್ಯಾಡಿನ ಹಾರ್ಡ್‌ಬೋರ್ಡ್ ಮಲೆನಾಡಿನ ತೇವಕ್ಕೆ ಉಬ್ಬಿ ಡೊಂಕಾಗುವುದರಿಂದ ಅದರ ಹಿಂಬದಿಗೂ ಅಂಚುಗಳಿಗೂ ವಾರ್ನಿಷ್ ಬಳಿಯಲಾಯಿತು. ನೆಲಕ್ಕೆ ಕಪ್ಪು ರಬ್ಬರ್ ಮ್ಯಾಟ್. ನಮ್ಮ ಕಾರಿನಲ್ಲಿ ಕಾರ್ಪೆಟ್ ಇದ್ದ ಗುರುತು ಎಲ್ಲೂ ಇರಲಿಲ್ಲ.

ಐವತ್ತು ವರ್ಷ ಮೀರಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಲ್ಲಿ ಷಾಸಿ, ಬಾಡಿ ಮತ್ತು ಎಂಜಿನ್ನಿನ ಮಾರ್ಪಾಡುಗಳ ಪ್ರಸ್ತಾಪವಿದೆ. ಬಣ್ಣದ ಮಟ್ಟಿಗೆ ನನಗೆ ಅನುಕೂಲವಾದದ್ದು ಆರ್‌ಸಿ ಪುಸ್ತಕದ ಆ ಒಂದೇ ಪದ: ಬಿಳಿಯಿಂದ ಹಸಿರಿಗೆ ಮರಳಿದ್ದರಿಂದ ಕಾರು ಮತ್ತು ಪುಸ್ತಕ ಈಗ ತಾಳೆಯಾಗುತ್ತವೆ.

ಗ್ರಾಂ ಲೆಕ್ಕದಲ್ಲಿ ಬರೆದ ಮಿಶ್ರಣದ ಸೂತ್ರವನ್ನೂ ಒಪ್ಪಿಗೆಯಾದ ಮಾದರಿ ತುಂಡನ್ನೂ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ, ಆಗಾಗ ತೆಗೆದು ಬೆಳಕಿಗೆ ಹಿಡಿಯುತ್ತೇನೆ. ಉಳಿದ ಬಣ್ಣದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಟ್ಟರೆ ಸಣ್ಣಪುಟ್ಟ ಗೀರುಗಳಿಗೆ ಆಗುತ್ತದೆ. ಹಾರ್ಡ್‌ನರ್ ಮಾತ್ರ ಒಮ್ಮೆ ತೆರೆದರೆ ಗಾಳಿಯ ತೇವದೊಂದಿಗೆ ವರ್ತಿಸಿ ಗಟ್ಟಿಯಾಗುತ್ತದೆ, ನಮ್ಮ ಮಳೆಗಾಲವನ್ನು ಅದು ದಾಟುವುದಿಲ್ಲ. ಆದ್ದರಿಂದ ಅದನ್ನು ಪ್ರತಿ ಸಲ ಚಿಕ್ಕ ಡಬ್ಬಿಯಲ್ಲಿ ಹೊಸದಾಗಿ ತರಿಸುತ್ತೇನೆ.